ಗುಜರಿಗೆ ಹೊರಟಿದ್ದ ತೇವಾಂಶ ಮಾಪಕಗಳು ಪುಸ್ತಕದ ಕಪಾಟು ಸೇರಿದ ಬಗೆ

ಡೊಂಬಿವಿಲಿಯ ನಮ್ಮ ಕನ್ನಡ ಸಂಘದ ಪುಸ್ತಕದ ಕೋಣೆಯಲ್ಲಿ ಈಗ ಬೆಂಕಿಪೊಟ್ಟಣಕ್ಕಿಂತ ತುಸು ದೊಡ್ಡದಾದ ಕೆಲವು ಬಿಳಿ ಮಾಪಕಗಳು ಕೂತಿವೆ. ಕಪಾಟಿನ ಒಳಗೆ ಎಷ್ಟು ಸೆಖೆ, ಎಷ್ಟು ತೇವ ಎಂದು ಅವು ಹಗಲೂ ರಾತ್ರಿ ಹೇಳುತ್ತಿರುತ್ತವೆ. ಅಂಧೇರಿಯ ಒಂದು ಕಚೇರಿ ಇವನ್ನು ಗುಜರಿಗೆ ಹಾಕಲು ತೆಗೆದಿಟ್ಟಿತ್ತು. ಅಲ್ಲಿಂದ ಇಲ್ಲಿಗೆ ತರುವ ಹೊತ್ತಿಗೆ ಒಂದು ಮಳೆಗಾಲದ ಬಹುಪಾಲು ಕಳೆದೇ ಹೋಯಿತು. ಕೆಲಸ ಈಗಷ್ಟೇ ಮುಗಿದಿದೆ, ಎಲ್ಲವೂ ನೆನಪಿನಲ್ಲಿ ಹಸಿಯಾಗಿದೆ. ಇದೇ ದಾರಿ ಹಿಡಿಯುವವರಿಗೆ ನಾನು ಪಟ್ಟ ಗೊಂದಲ ಬೇಡ ಎಂದು ಬರೆಯುತ್ತಿದ್ದೇನೆ.

ಇಷ್ಟಕ್ಕೆಲ್ಲ ಕಾರಣ ಬೂಷ್ಟು. ಸಂಘದ ಹಳೆಯ ಪುಸ್ತಕಗಳಲ್ಲಿ ಈಗ ಎಲ್ಲೂ ಸಿಗದವು ಎಷ್ಟೋ ಇವೆ. ಊರು ಬಿಟ್ಟು ಮುಂಬೈಗೆ ಬಂದವರು ಟ್ರಂಕಿನಲ್ಲಿ ಹೊತ್ತು ತಂದು, ಕೊನೆಗೆ ಸಂಘಕ್ಕೆ ಕೊಟ್ಟು ಹೋದ ಪುಸ್ತಕಗಳು. ಜೂನ್ ಕಳೆಯುತ್ತಿದ್ದಂತೆ ಕಪಾಟು ತೆರೆದರೆ ಮುಗ್ಗಲು ವಾಸನೆ, ರಟ್ಟಿನ ಮೇಲೆ ಬಿಳಿ ಪುಡಿ. ತೇವಾಂಶ ಶೇ 65ರ ಮೇಲೆ ಬಹಳ ದಿನ ನಿಂತರೆ ಕಾಗದಕ್ಕೆ ಬೂಷ್ಟು ಹಿಡಿಯುತ್ತದೆ ಎಂಬುದು ಗ್ರಂಥ ಸಂರಕ್ಷಣೆಯವರ ಲೆಕ್ಕ. ಮುಂಬೈಯ ಜುಲೈನಲ್ಲಿ ಹೊರಗಿನ ಗಾಳಿಯೇ ಶೇ 80 ದಾಟಿರುತ್ತದೆ. ತೇವ ಹೀರುವ ಯಂತ್ರ ಕೊಳ್ಳೋಣ ಎಂದು ಸಮಿತಿಯಲ್ಲಿ ಮಾತು ಬಂತು. ಎಷ್ಟು ದೊಡ್ಡದು ಬೇಕು, ಎಲ್ಲಿ ಇಡಬೇಕು ಎನ್ನುವುದಕ್ಕೆ ಯಾರಲ್ಲೂ ಉತ್ತರವಿರಲಿಲ್ಲ. ಗೋಡೆಯ ಮೇಲಿದ್ದ ಮುಳ್ಳಿನ ಮಾಪಕ ಮಳೆ ಬರಲಿ ಬಿಡಲಿ 60ರಲ್ಲೇ ನಿಂತಿರುತ್ತಿತ್ತು. ಸದಸ್ಯರ ವಂತಿಗೆ ಹಣವನ್ನು ಅಂಥ ಮುಳ್ಳು ನಂಬಿ ಖರ್ಚು ಮಾಡಲು ನನಗೆ ಮನಸ್ಸಾಗಲಿಲ್ಲ.

ಅದೇ ಹೊತ್ತಿಗೆ ನಾನು ಕೆಲಸ ಮಾಡುವ ಕಟ್ಟಡದಲ್ಲಿ ಒಂದು ಕಚೇರಿ ಖಾಲಿಯಾಗುತ್ತಿತ್ತು. ಅವರ ಸ್ಟೋರಿನ ಮೂಲೆಯ ರಟ್ಟಿನ ಪೆಟ್ಟಿಗೆಯಲ್ಲಿ ಈ ಮಾಪಕಗಳ ರಾಶಿ ಕಂಡಿತು. ಶಿಯೋಮಿಯ ಮಿಜಿಯಾ ಹೆಸರಿನಲ್ಲಿ ಬರುವ, ಎಲ್‌ವೈಡಬ್ಲ್ಯುಎಸ್‌ಡಿ03ಎಂಎಂಸಿ ಎಂಬ ಉದ್ದದ ಮಾಡೆಲ್ ಸಂಖ್ಯೆಯವು. ಅಳತೆ 43 ಮಿ.ಮೀ. ಚೌಕ, ದಪ್ಪ 12.5 ಮಿ.ಮೀ. ಹಿಂಬದಿಯಲ್ಲಿ ಸಿಆರ್2032 ಬಟನ್ ಸೆಲ್, ಒಳಗೆ ಬ್ಲೂಟೂತ್. ಕೊಡುತ್ತೀರಾ ಎಂದು ಕೇಳಿದೆ. ‘ತಗೊಂಡು ಹೋಗಿ’ ಎಂದುಬಿಡುತ್ತಾರೆ ಎಂದುಕೊಂಡಿದ್ದೆ. ಹಾಗಾಗಲಿಲ್ಲ.

2023ರ ಏಪ್ರಿಲ್ 1ರಿಂದ ಜಾರಿಯಾದ ಹೊಸ ಇ-ತ್ಯಾಜ್ಯ ನಿಯಮಗಳ ಪ್ರಕಾರ ದೊಡ್ಡ ಕಚೇರಿಗಳು ತಮ್ಮ ಎಲೆಕ್ಟ್ರಾನಿಕ್ ಕಸವನ್ನು ನೋಂದಾಯಿತ ಉತ್ಪಾದಕರು, ದುರಸ್ತಿಗಾರರು ಅಥವಾ ಮರುಬಳಕೆದಾರರಿಗೇ ಒಪ್ಪಿಸಬೇಕು, ಕಂಡವರ ಕೈಗೆ ಕೊಡುವಂತಿಲ್ಲ. ಅಡ್ಮಿನ್ ವಿಭಾಗದ ಹೆಣ್ಣುಮಗಳು ಇದನ್ನು ತಾಳ್ಮೆಯಿಂದ ವಿವರಿಸಿ, ‘ಇವು ಇನ್ನೂ ಕಸದ ಪಟ್ಟಿಗೆ ಸೇರಿಲ್ಲ. ಬಳಸೋಕೆ ಬರೋ ವಸ್ತು ಅಂತ ಸಂಸ್ಥೆಗೆ ದಾನ ಕೊಡಬಹುದು, ಆದ್ರೆ ಕಾಗದ ಬೇಕು’ ಎಂದರು. ಸಂಘದ ಲೆಟರ್‌ಹೆಡ್‌ನಲ್ಲಿ ಕೋರಿಕೆ ಪತ್ರ, ಕಾರ್ಯದರ್ಶಿಯ ಸಹಿ, ಮೊಹರು, ನೋಂದಣಿ ಪತ್ರದ ಪ್ರತಿ, ಯಾವ ಉಪಯೋಗಕ್ಕೆ ಎಂಬ ಎರಡು ಸಾಲು. ಕಾರ್ಯದರ್ಶಿಗಳು ಆಗ ಊರಿಗೆ ಹೋಗಿದ್ದರು, ಉಡುಪಿಯಿಂದ ಬರುವವರೆಗೆ ಸಹಿ ನಿಂತಿತು. ಸಹಿಯಾದ ಮೇಲೆ ಕಚೇರಿಯವರ ಆಸ್ತಿ ಪಟ್ಟಿಯಿಂದ ಹೆಸರು ತೆಗೆಸಬೇಕಿತ್ತು. ಪ್ರತಿ ಮಾಪಕದ ಬೆನ್ನಿಗಿದ್ದ ಚೀಟಿಯ ಸಂಖ್ಯೆಯನ್ನು ಪಟ್ಟಿಗೆ ಹೊಂದಿಸಿದರು, ಚೀಟಿ ಕಿತ್ತುಹೋದವನ್ನು ಬದಿಗಿಟ್ಟರು. ಅವು ಸಿಗಲಿಲ್ಲ. ಕೊನೆಗೆ ಗೇಟ್ ಪಾಸ್ ಬಂತು. ಕಾಯುವುದು ಬೇಸರವೇ. ಆದರೂ ಈ ಕಾಗದವಿಲ್ಲದೆ ತರಬೇಡಿ. ಗೇಟಿನಲ್ಲಿ ಚೀಲ ಬಿಚ್ಚಿ ತೋರಿಸುವಾಗ ಆ ಒಂದು ಹಾಳೆಯ ಬೆಲೆ ತಿಳಿಯಿತು.

ಮನೆಗೆ ತಂದು ಒಂದೊಂದೇ ಬಿಚ್ಚಿದೆ. ಬೆನ್ನಿನ ಮುಚ್ಚಳದ ಅಂಚಿನಲ್ಲಿ ಒಂದು ಕಚ್ಚು ಇರುತ್ತದೆ. ಅದರೊಳಗೆ ಹಳೇ ಪ್ಲಾಸ್ಟಿಕ್ ಕಾರ್ಡ್ ತೂರಿಸಿ ನಿಧಾನವಾಗಿ ತಿರುವಿದರೆ ಬಿಚ್ಚಿಕೊಳ್ಳುತ್ತದೆ, ಲೋಹದ ಸ್ಕ್ರೂಡ್ರೈವರ್ ಬೇಡ. ಬಹಳಷ್ಟರಲ್ಲಿ ಸೆಲ್ ಸತ್ತಿತ್ತು. ಕೆಲವದರಲ್ಲಿ ಸೆಲ್ ಹಿಡಿಯುವ ತಗಡಿಗೆ ಹಸಿರು ಕಿಲುಬು ಬಂದಿತ್ತು. ಐಸೊಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಒರೆಸಿ, ಒಣಗಿದ ಮೇಲೆ ಪೆನ್ಸಿಲ್ ರಬ್ಬರಿನಿಂದ ಉಜ್ಜಿದರೆ ಲೋಹ ಮತ್ತೆ ಹೊಳೆಯುತ್ತದೆ.

ಇಲ್ಲೊಂದು ಎಚ್ಚರಿಕೆ. ಆಲ್ಕೋಹಾಲನ್ನು ಬೋರ್ಡಿನ ಮೇಲೆ ಸಿಂಪಡಿಸಬೇಡಿ, ಹತ್ತಿಕಡ್ಡಿಯಲ್ಲಿ ಬೇಕಾದ ಜಾಗಕ್ಕೆ ಮಾತ್ರ ಮುಟ್ಟಿಸಿ. ತೇವ ಅಳೆಯುವ ಚಿಪ್ ಸಾಸಿವೆಗಿಂತ ಸ್ವಲ್ಪವೇ ದೊಡ್ಡದು, ಅದರ ನೆತ್ತಿಯಲ್ಲಿ ಗಾಳಿಯಾಡಲು ಒಂದು ಕಿಂಡಿ ಇರುತ್ತದೆ. ಒಳಗಿರುವ ಪಾಲಿಮರ್ ಪದರ ತೇವ ಹೀರಿ, ಬಿಟ್ಟು ಮಾಡುತ್ತದೆ, ಅದರಿಂದ ಬದಲಾಗುವ ವಿದ್ಯುತ್ ಧಾರಣೆಯನ್ನು, ಅಂದರೆ ವಿದ್ಯುತ್ ಹಿಡಿದಿಡುವ ಶಕ್ತಿಯನ್ನು, ಚಿಪ್ ಶೇಕಡಾ ಲೆಕ್ಕಕ್ಕೆ ತರುತ್ತದೆ. ಆ ಪದರಕ್ಕೆ ಸಾಲ್ವೆಂಟ್, ಬಣ್ಣ, ಅಂಟು ಇವುಗಳ ಆವಿ ಶತ್ರು. ಈ ಮಾಡೆಲ್‌ನಲ್ಲಿ ಬೋರ್ಡಿನ ಆವೃತ್ತಿಗೆ ತಕ್ಕಂತೆ ಸ್ವಿಟ್ಜರ್ಲೆಂಡಿನ ಸೆನ್ಸಿರಿಯನ್ ಕಂಪನಿಯ ಎಸ್‌ಎಚ್‌ಟಿಸಿ3 ಅಥವಾ ಎಸ್‌ಎಚ್‌ಟಿ4 ಸರಣಿಯ ಚಿಪ್ ಇರುತ್ತದೆ. ಎರಡೂ ಒಳ್ಳೆಯವೇ. ಹೊಸದಿದ್ದಾಗ ತೇವಾಂಶದಲ್ಲಿ ಸುಮಾರು ಶೇ 2ರಷ್ಟು ಹೆಚ್ಚುಕಡಿಮೆ, ಉಷ್ಣಾಂಶದಲ್ಲಿ ಡಿಗ್ರಿಯ ಐದನೇ ಒಂದು ಪಾಲು.

ಸೆಲ್ ಕೊಳ್ಳಲು ಗ್ರಾಂಟ್ ರೋಡ್ ಸ್ಟೇಷನ್ನಿನಲ್ಲಿ ಇಳಿದು ಲ್ಯಾಮಿಂಗ್ಟನ್ ರಸ್ತೆಗೆ ಹೋದೆ. ಬಿಡಿಯಾಗಿ ಡಬ್ಬಿಯಲ್ಲಿ ಸುರಿದಿಟ್ಟ ಸೆಲ್ ಅಗ್ಗಕ್ಕೆ ಸಿಗುತ್ತವೆ, ತೆಗೆದುಕೊಳ್ಳಬೇಡಿ. ನಾನು ಪ್ಯಾಕ್ ಒಡೆಯದ ಸೆಲ್‌ಗಳನ್ನು ತಲಾ 40 ರೂಪಾಯಿಗೆ ತಂದೆ. ಮಲ್ಟಿಮೀಟರಿನಲ್ಲಿ ಹೊಸ ಸೆಲ್ 3 ವೋಲ್ಟ್‌ಗಿಂತ ಮೇಲೆ ತೋರಿಸಬೇಕು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಸೆಲ್‌ಗಳು, ಸತ್ತವು ಕೂಡ, ಬೀಗದೊಳಗಿರಲಿ. ನುಂಗಿದರೆ ಕೆಲವೇ ಗಂಟೆಗಳಲ್ಲಿ ಅನ್ನನಾಳ ಸುಡುತ್ತದೆ, ತಕ್ಷಣ ಆಸ್ಪತ್ರೆಗೆ ಓಡಬೇಕು.

ಸೆಲ್ ಹಾಕಿದೊಡನೆ ಬಹಳಷ್ಟು ಮಾಪಕಗಳ ಪರದೆಯ ಮೇಲೆ ಅಂಕಿ ಮೂಡಿತು. ಅಷ್ಟಾದರೆ ಸಾಲದೇ ಎಂದು ಮನೆಯಲ್ಲಿ ಕೇಳಿದರು. ಸಾಲದು. ಪರದೆಯಲ್ಲಿ ತೇವಾಂಶ ಪೂರ್ಣಾಂಕದಲ್ಲಷ್ಟೇ ಕಾಣುತ್ತದೆ. ಮಾಪಕದೊಳಗೇ ಕೂತು ಅದನ್ನು ನಡೆಸುವ ತಂತ್ರಾಂಶಕ್ಕೆ ಫರ್ಮ್‌ವೇರ್ ಎನ್ನುತ್ತಾರೆ. ಬ್ಲೂಟೂತ್ ಮೂಲಕ ಬರುವ ಮಾಹಿತಿ ಮೂಲ ಫರ್ಮ್‌ವೇರ್‌ನಲ್ಲಿ ಗೂಢಲಿಪಿಯಲ್ಲಿರುತ್ತದೆ, ಅದರ ಕೀಲಿ ಹಿಂದಿನ ಕಚೇರಿಯ ಖಾತೆಗೆ ಕಟ್ಟಿಕೊಂಡಿತ್ತು. ಮಾಪಕ ತಪ್ಪು ತೋರಿಸುತ್ತಿದ್ದರೆ ತಿದ್ದಲು ದಾರಿಯೂ ಇರಲಿಲ್ಲ.

ಮುಕ್ತ ಫರ್ಮ್‌ವೇರ್ ಬೇಕಾದದ್ದು ಇದಕ್ಕೇ. ಜರ್ಮನಿಯ ಆರನ್ ಕ್ರಿಸ್ಟೋಫೆಲ್ 2020ರಲ್ಲಿ ಈ ಮಾಪಕದೊಳಗಿನ ಟೆಲಿಂಕ್ ಚಿಪ್‌ಗೆ ಹೊಸ ಫರ್ಮ್‌ವೇರ್ ಬರೆದು ಎಲ್ಲರಿಗೂ ಬಿಟ್ಟುಕೊಟ್ಟರು. ಪಿವಿವಿಎಕ್ಸ್ ಎಂಬ ಹೆಸರಿನಲ್ಲಿ ಬರೆಯುವವರು ಅದನ್ನು ಬೆಳೆಸುತ್ತ ಬಂದಿದ್ದಾರೆ. ನಾನು ಹಾಕಿದ್ದು ಅವರದ್ದು. ಅಳತೆ ನೂರನೇ ಒಂದು ಪಾಲಿನವರೆಗೆ ತೆರೆದ ರೂಪದಲ್ಲಿ ಬಿತ್ತರವಾಗುತ್ತದೆ, ಎಷ್ಟು ಹೊತ್ತಿಗೊಮ್ಮೆ ಅಳೆಯಬೇಕೆಂದು ನಾವೇ ಹೇಳಬಹುದು, ಅಳತೆಗಳು ಮಾಪಕದ ನೆನಪಿನಲ್ಲೇ ಉಳಿಯುತ್ತವೆ. ಎಲ್ಲಕ್ಕಿಂತ ಮುಖ್ಯವಾಗಿ, ತಿದ್ದುಪಡಿಯ ಅಂಕಿಯನ್ನು ಒಳಗೇ ಬರೆದಿಡಬಹುದು. ಕಂಡರಿಯದವರ ಪುಸ್ತಕ ಉಳಿಯಲಿ ಎಂದು ಅವರೇನೂ ಬರೆದದ್ದಲ್ಲ. ಆದರೂ ಆ ಕೆಲಸ ಡೊಂಬಿವಿಲಿಯವರೆಗೆ ಬಂದು ಮುಟ್ಟಿದ್ದಕ್ಕೆ ನನಗೆ ನಿಜವಾದ ಕೃತಜ್ಞತೆ ಇದೆ.

ಹಾಕುವುದಕ್ಕೆ ಕಂಪ್ಯೂಟರ್ ಕೂಡ ಬೇಡ, ಆಂಡ್ರಾಯ್ಡ್ ಫೋನಿನ ಕ್ರೋಮ್ ಬ್ರೌಸರ್ ಸಾಕು. ಐಫೋನಿನ ಸಫಾರಿಯಲ್ಲಿ ಆಗುವುದಿಲ್ಲ, ಫೈರ್‌ಫಾಕ್ಸ್‌ನಲ್ಲೂ ಇಲ್ಲ. ಬ್ಲೂಟೂತ್ ಜೊತೆಗೆ ಫೋನಿನ ಲೊಕೇಷನ್ ಕೂಡ ಚಾಲೂ ಇರಬೇಕು, ಇಲ್ಲದಿದ್ದರೆ ಪಟ್ಟಿಯಲ್ಲಿ ಏನೂ ಕಾಣದೆ ಮಾಪಕವೇ ಸತ್ತಿದೆ ಅನ್ನಿಸುತ್ತದೆ. ಫರ್ಮ್‌ವೇರ್‌ನ ಪುಟ ತೆರೆದು ಮಾಪಕಕ್ಕೆ ಸಂಪರ್ಕ ಕೊಟ್ಟು, ಮೊದಲು ಆಕ್ಟಿವೇಷನ್ ಗುಂಡಿ ಒತ್ತಬೇಕು. ಹೊಸ ಕೀಲಿ ಹುಟ್ಟುತ್ತದೆ, ಅದನ್ನು ಮ್ಯಾಕ್ ವಿಳಾಸದೊಂದಿಗೆ (ಪ್ರತಿ ಮಾಪಕಕ್ಕೂ ಬೇರೆಯೇ ಇರುವ ಗುರುತಿನ ಸಂಖ್ಯೆ) ಬರೆದಿಟ್ಟುಕೊಳ್ಳಿ. ಮುಂದೆ ಮೂಲ ಫರ್ಮ್‌ವೇರ್‌ಗೆ ಮರಳಬೇಕೆನಿಸಿದರೆ ಉಪಯೋಗಕ್ಕೆ ಬರುತ್ತದೆ. ಆಮೇಲೆ ಫರ್ಮ್‌ವೇರ್ ಆರಿಸಿ ಫ್ಲ್ಯಾಶ್ ಮಾಡುವುದು, ಅಂದರೆ ಅದನ್ನು ಮಾಪಕದೊಳಗೆ ಬರೆಯುವುದು. ನಿಮಿಷಗಳಲ್ಲಿ ಮುಗಿದು, ಮಾಪಕದ ಹೆಸರು ‘ಎಟಿಸಿ’ ಎಂದು ಶುರುವಾಗಿ ಮ್ಯಾಕ್ ವಿಳಾಸದ ಕೊನೆಯ ಆರು ಅಕ್ಷರಗಳೊಂದಿಗೆ ಕಾಣಿಸಿಕೊಳ್ಳುತ್ತದೆ.

ಬಹಳ ಮಾಪಕಗಳಿದ್ದರೆ ಮಿಕ್ಕೆಲ್ಲದರ ಸೆಲ್ ತೆಗೆದಿಟ್ಟು ಒಂದೊಂದನ್ನೇ ಮುಗಿಸಿ. ಮೊದಲು ಎಲ್ಲದರ ಹೆಸರೂ ಒಂದೇ ಆಗಿರುವುದರಿಂದ ಯಾವುದು ಯಾವುದೆಂದು ಗೊತ್ತೇ ಆಗುವುದಿಲ್ಲ. ಮುಗಿದೊಡನೆ ಬೆನ್ನಿಗೆ ಆ ಆರು ಅಕ್ಷರದ ಚೀಟಿ ಅಂಟಿಸಿ. ಅರೆಜೀವದ ಸೆಲ್ ಇಟ್ಟುಕೊಂಡು ಫ್ಲ್ಯಾಶ್‌ಗೆ ಕೈ ಹಾಕಬೇಡಿ, ನಡುವೆ ವಿದ್ಯುತ್ ಕುಸಿದರೆ ಬರವಣಿಗೆ ಅರ್ಧಕ್ಕೆ ನಿಲ್ಲುತ್ತದೆ.

ಪೆಟ್ಟಿಗೆಯಲ್ಲಿ ಒಂದು ಮಾಪಕ ಹೊಸ ಸೆಲ್ ಹಾಕಿದರೂ ಮಾತಾಡಲಿಲ್ಲ. ಪರದೆ ಖಾಲಿ, ಬ್ಲೂಟೂತ್‌ನಲ್ಲೂ ಇಲ್ಲ. ಇಂಥದಕ್ಕೆ ತಂತಿಯ ದಾರಿ ಇದೆ. ಕಂಪ್ಯೂಟರಿನ ಯುಎಸ್‌ಬಿಯನ್ನು ಚಿಪ್‌ಗೆ ಅರ್ಥವಾಗುವ ಟಿಟಿಎಲ್ ಸಂಕೇತಕ್ಕೆ ಬದಲಿಸುವ ಪುಟ್ಟ ಅಡಾಪ್ಟರ್ 180 ರೂಪಾಯಿಗೆ ಸಿಕ್ಕಿತು. 3.3 ವೋಲ್ಟ್‌ಗೆ ಹೊಂದಿಸಬಲ್ಲದ್ದೇ ಬೇಕು, 5 ವೋಲ್ಟ್ ಕೊಟ್ಟರೆ ಚಿಪ್ ಸುಡುತ್ತದೆ. ಅಡಾಪ್ಟರಿನ ಟಿಎಕ್ಸ್ (ಮಾಹಿತಿ ಕಳಿಸುವ) ತಂತಿಯನ್ನು ಬೋರ್ಡಿನ ಮೇಲೆ ಎಸ್‌ಡಬ್ಲ್ಯುಎಸ್ ಎಂಬ ಬಿಂದುವಿಗೆ, ಆರ್‌ಟಿಎಸ್ ತಂತಿಯನ್ನು ರೀಸೆಟ್‌ಗೆ, ಮತ್ತೆ ನೆಲದ (ಗ್ರೌಂಡ್) ತಂತಿ, 3.3ರ ತಂತಿ. ಬಿಂದುಗಳು ಕಣ್ಣಿಗೆ ಕಾಣುವುದೇ ಕಷ್ಟ. ನಮ್ಮ ಸ್ಟೇಷನ್ ಪಕ್ಕ ಮೊಬೈಲ್ ರಿಪೇರಿ ಮಾಡುವ ವಿಜಯಪುರದ ಹುಡುಗನ ಹತ್ತಿರ ಒಯ್ದೆ. ಭೂತಗನ್ನಡಿಯಡಿ ಇಟ್ಟು ನೋಡಿ, ‘ಸರ್, ಪ್ಯಾಡ್ ಭಾಳ ಸಣ್ಣದೈತ್ರೀ. ತಂತಿ ಜಗ್ಗಿದ್ರ ಕಿತ್ಕೊಂಡ ಬರ್ತೈತಿ. ಮ್ಯಾಲೊಂದು ಹನಿ ಗ್ಲೂ ಹಾಕ್ಲ್ಯಾ?’ ಎಂದ. ಗ್ಲೂ ಎಂದೊಡನೆ ತಡೆದೆ. ಅದರ ಆವಿ ತೇವದ ಚಿಪ್‌ಗೆ ಆಗದು ಎಂದು ಹೇಳಿದ್ದಕ್ಕೆ ದಾರದಿಂದ ತಂತಿಗಳನ್ನು ಬೋರ್ಡಿಗೇ ಕಟ್ಟಿ ಬೆಸುಗೆ ಹಾಕಿಕೊಟ್ಟ. 150 ರೂಪಾಯಿ ಕೊಟ್ಟೆ. ‘ಚಾಲೂ ಆದ್ರ ಬಂದ್ ತೋರಸ್ರೀ’ ಎಂದ. ಇದನ್ನು ಫೋನಿನಲ್ಲಿ ಮಾಡಲಾಗದು, ಕಂಪ್ಯೂಟರಿನ ಕ್ರೋಮ್ ಬೇಕು. ಆ ರಾತ್ರಿ ಖಾಲಿ ಪರದೆಯ ಮೇಲೆ 29.4 ಎಂದು ಮೂಡಿದಾಗ ಮನೆಯವರನ್ನೆಲ್ಲ ಕರೆದು ತೋರಿಸಿದೆ. ಮಾರನೆಯ ಸಂಜೆ ಹುಡುಗನಿಗೂ ತೋರಿಸಿ ಬಂದೆ.

ಇನ್ನೊಂದರ ಪರದೆ ಬಿರುಕು ಬಿಟ್ಟಿತ್ತು, ಅಂಕಿ ಓದಲಾಗದು. ಅದನ್ನೂ ಎಸೆಯಲಿಲ್ಲ, ಬ್ಲೂಟೂತ್ ಬಿತ್ತರಕ್ಕೆ ಪರದೆ ಬೇಡ. ಈಗ ಯಾರೂ ನೋಡದ ಬೀಗದ ಕಪಾಟಿನೊಳಗೆ ಅದೇ ಇದೆ.

ಇನ್ನು ಪರೀಕ್ಷೆ. ಎಲ್ಲ ಮಾಪಕಗಳನ್ನೂ ಮೇಜಿನ ಮೇಲೆ ಅಕ್ಕಪಕ್ಕ ಇಟ್ಟಾಗ ಉಷ್ಣಾಂಶ ಹೆಚ್ಚುಕಡಿಮೆ ಒಂದೇ ಇತ್ತು. ತೇವಾಂಶ ಮಾತ್ರ ಒಂದರಲ್ಲಿ 76, ಪಕ್ಕದ್ದರಲ್ಲಿ 83. ಯಾವುದನ್ನು ನಂಬುವುದು? ಇದಕ್ಕೆ ಉತ್ತರ ಅಡುಗೆಮನೆಯಲ್ಲಿದೆ. ಮುಚ್ಚಿದ ಡಬ್ಬಿಯಲ್ಲಿ ಉಪ್ಪಿನ ಪರ್ಯಾಪ್ತ ದ್ರಾವಣ, ಅಂದರೆ ಇನ್ನಷ್ಟು ಉಪ್ಪು ಕರಗಲಾರದಂಥ ನೀರು, ಇಟ್ಟರೆ ಒಳಗಿನ ಗಾಳಿಯ ತೇವಾಂಶ ಒಂದೇ ಮಟ್ಟದಲ್ಲಿ ನಿಲ್ಲುತ್ತದೆ. ಅಡುಗೆ ಉಪ್ಪಿಗೆ, ಅಂದರೆ ಸೋಡಿಯಂ ಕ್ಲೋರೈಡ್‌ಗೆ, ಆ ಮಟ್ಟ 25 ಡಿಗ್ರಿಯಲ್ಲಿ ಶೇ 75.3, 30 ಡಿಗ್ರಿಯಲ್ಲಿ 75.1. ಸೆಖೆ ಏರಿಳಿದರೂ ಇದು ಬದಲಾಗುವುದು ತೀರ ಕಡಿಮೆ, ಹಾಗಾಗಿ ಮುಂಬೈಗೆ ಹೇಳಿ ಮಾಡಿಸಿದ ಅಳತೆಗೋಲು. ಮಳೆಗಾಲದಲ್ಲಿ ಡಬ್ಬಿಯ ಉಪ್ಪು ನೀರೊಡೆಯುವುದಕ್ಕೂ ಇದೇ ಅಂಕಿ ಕಾರಣ: ಗಾಳಿ ಶೇ 75 ದಾಟಿದರೆ ಉಪ್ಪು ತೇವ ಎಳೆದುಕೊಳ್ಳುತ್ತದೆ, ಕೆಳಗಿಳಿದರೆ ಒಣಗುತ್ತದೆ. ಅಜ್ಜಿ ಉಪ್ಪಿನ ಭರಣಿ ಮುಟ್ಟಿ ನೋಡಿ ‘ಇವತ್ತು ಹಪ್ಪಳ ಒಣಗದು’ ಎನ್ನುತ್ತಿದ್ದುದರ ಹಿಂದೆ ಎಂಥ ನಿಖರ ಮಾಪಕವಿತ್ತು ಎಂದು ನನಗೆ ಈಗ ತಿಳಿಯುತ್ತಿದೆ.

ಪ್ಯಾಕೆಟ್ ಪುಡಿ ಉಪ್ಪನ್ನೇ ಬಳಸಿ. ಹರಳುಪ್ಪಿನಲ್ಲಿ ಮೆಗ್ನೀಸಿಯಂ ಲವಣ ಬೆರೆತಿರುತ್ತದೆ, ಅದು ಮಟ್ಟವನ್ನು ಕೆಳಗೆಳೆಯುತ್ತದೆ. ಬಾಟಲಿ ಮುಚ್ಚಳದಲ್ಲಿ ಉಪ್ಪು ತುಂಬಿ, ಒದ್ದೆ ಮರಳಿನಷ್ಟು ಹದಕ್ಕೆ ಹನಿ ಹನಿ ನೀರು ಬಿಡಿ. ಮೇಲೆ ನೀರು ನಿಂತರೆ ಇನ್ನಷ್ಟು ಉಪ್ಪು ಹಾಕಿ. ಬಿಗಿ ಮುಚ್ಚಳದ ಪ್ಲಾಸ್ಟಿಕ್ ಡಬ್ಬಿಯಲ್ಲಿ ಅದನ್ನೂ ಮಾಪಕಗಳನ್ನೂ ಒಂದಕ್ಕೊಂದು ತಾಗದಂತೆ ಇಟ್ಟು ಮುಚ್ಚಿ. ಫ್ಯಾನು, ಎಸಿ, ಬಿಸಿಲು ಯಾವುದೂ ತಾಗದ ಮೂಲೆ ಇರಲಿ. ಉಪ್ಪಿಗೂ ಮಾಪಕಕ್ಕೂ ಒಂದು ಡಿಗ್ರಿ ವ್ಯತ್ಯಾಸವಿದ್ದರೆ ಓದಿನಲ್ಲಿ ಶೇ 4ರಷ್ಟು ತಪ್ಪು ಬಂದುಬಿಡುತ್ತದೆ. ನಾನು ಗೋದ್ರೆಜ್ ಬೀರುವಿನ ಒಳಗೆ, ಬಟ್ಟೆಗಳ ನಡುವೆ ಇಟ್ಟೆ. ಒಂದು ರಾತ್ರಿ ಪೂರ್ತಿ ಬಿಡಬೇಕು. ಮುಚ್ಚಳ ತೆಗೆದು ನೋಡುವ ಆಸೆ ತಡೆದುಕೊಳ್ಳಬೇಕು, ತೆಗೆದರೆ ಮೊದಲಿಂದ ಶುರು. ಮುಕ್ತ ಫರ್ಮ್‌ವೇರ್‌ನ ಉಪಕಾರ ಇಲ್ಲಿ ಚೆನ್ನಾಗಿ ಕಂಡಿತು: ಡಬ್ಬಿ ಮುಚ್ಚಿದ್ದಂತೆಯೇ ಎಲ್ಲದರ ಅಳತೆಯೂ ಫೋನಿಗೆ ಬರುತ್ತಿತ್ತು. ಅಂಕಿ ಗಂಟೆಗಟ್ಟಲೆ ಅಲುಗಾಡದೆ ನಿಂತಾಗ ಬರೆದುಕೊಂಡೆ.

ಬಹಳಷ್ಟು ಮಾಪಕಗಳು 75ರ ಆಸುಪಾಸಿಗೆ ಬಂದವು. ಕೆಲವು 79, 80. ಹೀಗೆ ಹೆಚ್ಚು ತೋರಿಸಿದವನ್ನು ಕೆಟ್ಟವೆಂದು ಬದಿಗಿಡುವ ಮೊದಲು ಸೆನ್ಸಿರಿಯನ್‌ನವರು ತಮ್ಮ ತೇವಾಂಶ ಚಿಪ್‌ಗಳ ಬಗ್ಗೆ ಕೊಟ್ಟ ತಾಂತ್ರಿಕ ಹಾಳೆಗಳನ್ನು ಓದಿದೆ. ಶೇ 80ಕ್ಕಿಂತ ಹೆಚ್ಚಿನ ತೇವದಲ್ಲಿ 60 ಗಂಟೆ ಇದ್ದರೆ ಓದು ಶೇ 3ರಷ್ಟು ಮೇಲೇರಬಹುದು, ಸಾಮಾನ್ಯ ಗಾಳಿಗೆ ಮರಳಿದರೆ ನಿಧಾನವಾಗಿ ಸರಿಹೋಗುತ್ತದೆ ಎಂದು ಅದರಲ್ಲಿದೆ. ನಮ್ಮವು ಸ್ಟೋರಿನ ಮೂಲೆಯಲ್ಲಿ ಎಷ್ಟು ಮಳೆಗಾಲ ಕಳೆದಿದ್ದವೋ. ಚಿಪ್ ಅನ್ನು ಬಿಸಿ ಮಾಡಿ ಬೇಗ ಒಣಗಿಸುವ ವಿಧಾನವೂ ಇದೆ, ಆದರೆ ಅದಕ್ಕೆ 100 ಡಿಗ್ರಿ ಬೇಕು, ಪರದೆ ಮತ್ತು ಪ್ಲಾಸ್ಟಿಕ್ ಉಳಿಯುವುದಿಲ್ಲ. ಆದ್ದರಿಂದ ತೇವ ಹೀರುವ ಸಿಲಿಕಾ ಜೆಲ್ ತುಂಬಿದ ಡಬ್ಬಿಯಲ್ಲಿಟ್ಟು ಕಾದೆ. ಮತ್ತೆ ಉಪ್ಪಿನ ಡಬ್ಬಿಗೆ ಹಾಕಿದಾಗ ಹಲವು 77ರ ಕೆಳಗಿಳಿದವು. ಇಡೀ ಕೆಲಸದಲ್ಲಿ ನನಗೆ ಅತಿ ಹೆಚ್ಚು ಸಂತೋಷ ಕೊಟ್ಟ ಗಳಿಗೆ ಅದು.

ಶೇ 75ರ ಒಂದೇ ಬಿಂದುವಿನಲ್ಲಿ ಸರಿಯಿದ್ದರೆ ಎಲ್ಲ ಕಡೆ ಸರಿ ಎನ್ನಲಾಗದು. ಕೆಳಗಿನ ಬಿಂದುವಿಗೆ ಮೆಗ್ನೀಸಿಯಂ ಕ್ಲೋರೈಡ್ ಬೇಕು, ಅದರದ್ದು 25 ಡಿಗ್ರಿಯಲ್ಲಿ ಶೇ 32.8. ಪ್ರಿನ್ಸೆಸ್ ಸ್ಟ್ರೀಟಿನ ರಾಸಾಯನಿಕ ಅಂಗಡಿಯಲ್ಲಿ ಅರ್ಧ ಕಿಲೋ ಡಬ್ಬಿ ಸಿಕ್ಕಿತು. ತೆರೆದಿಟ್ಟರೆ ಗಾಳಿಯಿಂದಲೇ ನೀರಾಗುತ್ತದೆ, ಕೂಡಲೇ ಮುಚ್ಚಬೇಕು. ಎರಡೂ ಬಿಂದುಗಳಲ್ಲಿ ಒಂದೇ ದಿಕ್ಕಿಗೆ ಒಂದೇ ಅಳತೆಯ ತಪ್ಪಿದ್ದ ಮಾಪಕಗಳಿಗೆ ಫರ್ಮ್‌ವೇರ್‌ನಲ್ಲಿ ಅಷ್ಟನ್ನು ಕಳೆಯುವಂತೆ ಬರೆದೆ. ಮೇಲೆ ಹೆಚ್ಚು ತೋರಿಸಿ ಕೆಳಗೆ ಸರಿ ತೋರಿಸುವವಕ್ಕೆ ಈ ತಿದ್ದುಪಡಿ ಹೊಂದುವುದಿಲ್ಲ. ನಮಗೆ ಬೇಕಾದದ್ದು 60ರಿಂದ 85ರ ನಡುವಿನ ಓದು, ಅಂಥವಕ್ಕೆ ಉಪ್ಪಿನ ಬಿಂದುವಿಗೇ ಹೊಂದಿಸಿ, ಹಾಗೆಂದು ಚೀಟಿಯಲ್ಲಿ ಬರೆದೆ. ಒಂದು ಮಾತ್ರ ಎಷ್ಟು ಒಣಗಿಸಿದರೂ 84ರಿಂದ ಇಳಿಯಲಿಲ್ಲ. ಅದನ್ನು ಉಷ್ಣಾಂಶಕ್ಕಷ್ಟೇ ಇಟ್ಟುಕೊಂಡೆವು.

ಸೆಲ್, ಅಡಾಪ್ಟರ್, ಬೆಸುಗೆ, ಲವಣ, ಡಬ್ಬಿ, ಸಿಲಿಕಾ ಜೆಲ್ ಎಲ್ಲ ಸೇರಿ ಎರಡು ಸಾವಿರ ರೂಪಾಯಿಯೊಳಗೆ ಮುಗಿಯಿತು.

ಕೋಣೆಯಲ್ಲಿ ಇಟ್ಟ ಮೊದಲ ವಾರದಲ್ಲೇ ಗೊತ್ತಾದದ್ದು ಯಾರೂ ಊಹಿಸದ ಸಂಗತಿ. ಕೋಣೆಯ ನಡುವೆ ಶೇ 77 ಇದ್ದರೆ, ಪಶ್ಚಿಮದ ಗೋಡೆಗೆ ಒತ್ತಿಕೊಂಡಿದ್ದ ಉಕ್ಕಿನ ಕಪಾಟಿನೊಳಗೆ 86. ಬಾಗಿಲು ಮುಚ್ಚಿದ್ದರೆ ಪುಸ್ತಕ ಕ್ಷೇಮ ಎಂದು ಎಲ್ಲರೂ ನಂಬಿದ್ದ ಕಪಾಟು ಅದು. ಹೊರಗೋಡೆ ಮಳೆಗೆ ನೆನೆದು ತಣ್ಣಗಿತ್ತು, ಕಪಾಟಿನ ಬೆನ್ನೂ ತಣ್ಣಗಿತ್ತು, ಒಳಗಿನ ತೇವ ಹೊರಹೋಗಲು ದಾರಿಯಿರಲಿಲ್ಲ. ಪುಸ್ತಕಗಳನ್ನು ನೋಡಿಕೊಳ್ಳುವ ಹಿರಿಯರನ್ನು ನಾವೆಲ್ಲ ಮಾಮ ಎಂದೇ ಕರೆಯುವುದು. ಅವರು ಅಂಕಿ ನೋಡಿ, ‘ಮೊದಲು ಇದನ್ನು ಗೋಡೆಯಿಂದ ಎಳೆಯಿರಿ ಮಾರಾಯ್ರೆ, ಯಂತ್ರದ ಮಾತು ಆಮೇಲೆ’ ಎಂದರು. ಒಂದು ಗೇಣು ಮುಂದಕ್ಕೆ ಎಳೆದು, ಕೆಳಗಿನ ಅರೆಯ ಪುಸ್ತಕಗಳನ್ನು ಮೇಲೆ ಸೇರಿಸಿ, ಬಾಗಿಲಿಗೆ ಸಂದು ಬಿಟ್ಟೆವು. ಅಳತೆ ಕೋಣೆಯ ಮಟ್ಟಕ್ಕೆ ಇಳಿಯಿತು. ಬೂಷ್ಟು ನಿಲ್ಲಲು ಅದೂ ಸಾಲದು, ಹಾಗಾಗಿ ತೇವ ಹೀರುವ ಯಂತ್ರವನ್ನೂ ಕೊಂಡೆವು. ಈಗ ಅದು ಯಾವ ಮೂಲೆಯಲ್ಲಿ ಎಷ್ಟು ಹೊತ್ತು ಓಡಬೇಕೆಂದು ಮಾಪಕಗಳೇ ತೋರಿಸುತ್ತವೆ, ಮಾಮ ಬೆಳಿಗ್ಗೆ ಸಂಜೆ ಪುಸ್ತಕದಲ್ಲಿ ಬರೆದಿಡುತ್ತಾರೆ.

ಬಿಡಿ ಮಾಪಕಗಳು ಇನ್ನೂ ಕೆಲವಿವೆ. ಉಪ್ಪಿನ ಡಬ್ಬಿಗಳನ್ನೂ ಹಾಗೆಯೇ ಮುಚ್ಚಿ ಇಟ್ಟಿದ್ದೇನೆ, ಮುಂದಿನ ಮಳೆಗಾಲಕ್ಕೆ ಮೊದಲು ಎಲ್ಲವನ್ನೂ ಮತ್ತೆ ಪರೀಕ್ಷಿಸಬೇಕು. ಠಾಣೆ, ಕಲ್ಯಾಣ, ನವಿ ಮುಂಬೈ ಕಡೆಯ ಬೇರೆ ಸಂಘಗಳವರು, ಮನೆಯಲ್ಲಿ ಹಳೆಯ ಪುಸ್ತಕ ಇಟ್ಟುಕೊಂಡವರು ತಮ್ಮ ಮಾಪಕ ತಂದರೆ ನಮ್ಮ ಡಬ್ಬಿಯಲ್ಲೇ ಒಂದು ರಾತ್ರಿ ಇಟ್ಟು ನೋಡಬಹುದು. ಭಾನುವಾರ ಸಂಜೆ ಪುಸ್ತಕದ ಕೋಣೆ ತೆರೆದಿರುತ್ತದೆ. ಬರುವಾಗ ಹೊಸ ಸೆಲ್ ಹಾಕಿಕೊಂಡು ಬನ್ನಿ.